ಇಲಿಗಳಿಗೆ ಕೊಟ್ಟಿದ್ದು, ಅವ್ವ ಕೇಳಿದ್ದು

ಅವ್ವನಿಗೆ ಲಕ್ವಾ ಹೊಡೆದ ವರ್ಷ ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಇಲಿಗಳ ಮೇಲೆ ಅದೇ ಕಾಯಿಲೆಯ ಅಧ್ಯಯನ ಮಾಡುತ್ತಿದ್ದೆ. ಅರಿವಳಿಕೆ ಕೊಟ್ಟ ಇಲಿಯ ಮೆದುಳಿಗೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆದು ಮತ್ತೆ ಬಿಡುತ್ತಿದ್ದೆವು. ರಕ್ತ ಮರಳಿ ನುಗ್ಗುವಾಗ ಜೀವಕೋಶಗಳನ್ನು ಕೆಡಿಸುವ ಕಣಗಳು ಹುಟ್ಟುತ್ತವೆ. ಅವುಗಳನ್ನು ತಡೆಯುವ ಆಂಟಿಆಕ್ಸಿಡೆಂಟ್ ಕೊಟ್ಟರೆ ಮೆದುಳು ಚೇತರಿಸಿಕೊಂಡೀತೇ ಎಂಬುದು ನಮ್ಮ ಪ್ರಶ್ನೆ. ಕೆಲವು ಇಲಿಗಳಿಗೆ ಮೊದಲಿನಿಂದಲೇ, ಕೆಲವಕ್ಕೆ ಲಕ್ವಾ ಆದ ಮೇಲೆ ಮಾತ್ರ, ವಿಟಮಿನ್ ಇ ಬೆರೆಸಿದ ಎಣ್ಣೆ ಕುಡಿಸುತ್ತಿದ್ದೆ. ಆಮೇಲೆ ಅವುಗಳನ್ನು ಕಿರಿದಾದ ಕಟ್ಟಿಗೆಯ ಪಟ್ಟಿಯ ಮೇಲೆ ನಡೆಸಿ, ಕಾಲು ಎಲ್ಲಿ ಜಾರುತ್ತದೆಂದು ನೋಡುತ್ತಿದ್ದೆ.

ಅವ್ವ ಗಬ್ಬೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು, ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ. ಒಂದು ಮುಂಜಾನೆ ಜೋಳದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನುಣುಪು ನೋಡುತ್ತಿದ್ದಾಗ ಬೆರಳಿಗೆ ಏನೂ ತಿಳಿಯಲಿಲ್ಲವಂತೆ. ಬೀಸಿಸಲು ಬಂದಿದ್ದ ನೆರೆಮನೆಯವಳು ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದಳು. ನಾನು ತಲುಪಿದಾಗ ಅವ್ವ ಮಾತಾಡುತ್ತಿದ್ದಳು. ಬಲಗೈ ಮಾತ್ರ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿತ್ತು.

ಅಲ್ಲಿಂದ ಮುಂದೆ ನನಗೆ ಎಲ್ಲಿಯೂ ಕೂರಲಾಗಲಿಲ್ಲ. ಪ್ರಯೋಗಾಲಯದಲ್ಲಿದ್ದರೆ ಮನೆಯ ಚಿಂತೆ, ಮನೆಯಲ್ಲಿದ್ದರೆ ಇಲಿಗಳದು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದೆ. ಎಣ್ಣೆ ಕುಡಿದ ಒಂದು ಇಲಿ ಎಲ್ಲಿಯೂ ಜಾರದೆ ಪಟ್ಟಿಯ ಕೊನೆಯ ತನಕ ಓಡಿದ ದಿನ, ಮನೆಗೆ ಬಂದು ಅವ್ವನಿಗೆ ಹೇಳಿಬಿಟ್ಟೆ.

"ಅದನ್ನ ನನಗೂ ಕೊಡವಾ," ಎಂದಳು.

"ಅದು ಇಲಿಗೆ, ಅವ್ವಾ. ಮನಷ್ಯಾರಿಗೂ ಹಂಗ ಆಕ್ಕೈತಿ ಅಂತ ಗೊತ್ತಿಲ್ಲ."

"ಇಲಿ ತಲ್ಯಾಗೂ ಮೆದುಳ ಐತಿ, ನನ್ನ ತಲ್ಯಾಗೂ ಐತಿ."

ಖರೇ ಹೇಳಬೇಕೆಂದರೆ ನನಗೂ ಕೊಡಬೇಕೆನಿಸಿತ್ತು. ಮರುದಿನ ಔಷಧದ ಅಂಗಡಿಯಲ್ಲಿ ವಿಟಮಿನ್ ಇ ಗುಳಿಗೆ ಕೊಂಡೆ. ಕೊಂಡ ಮೇಲೆ ಮನಸ್ಸು ತಡೆಯದೆ, ಅದನ್ನು ಹಿಡಿದುಕೊಂಡೇ ಅವ್ವನ ಡಾಕ್ಟರ ಬಳಿ ಹೋದೆ.

"ಓಡಿದ ಇಲಿಗೆ ಯಾವಾಗ ಕೊಟ್ಟಿದ್ರಿ, ಮೊದಲೋ ಆಮ್ಯಾಲೋ?" ಎಂದು ಅವರು ಕೇಳಿದರು.

"ಮೊದಲಿಂದನ ಕೊಟ್ಟಿದ್ವಿರಿ."

"ಅವ್ವಾರಿಗೆ ಲಕ್ವಾ ಆಗಿ ಹೋಗೇತಿ. ಮ್ಯಾಲ ರಕ್ತ ಹೆಪ್ಪುಗಟ್ಟಬಾರ್ದಂತ ಗುಳಿಗಿ ನಡದಾವ. ಇದೂ ಕೂಡಿದ್ರ ರಕ್ತಸ್ರಾವ ಆಗೂ ಅಂಜಿಕಿ ಐತಿ. ಬ್ಯಾಡ್ರಿ. ಕೈಗೆ ವ್ಯಾಯಾಮ ಮಾಡಸ್ರಿ."

ಗುಳಿಗೆ ಕೊಡುವುದಿಲ್ಲ ಎಂದಾಗ ಅವ್ವ ವಾದ ಮಾಡಲಿಲ್ಲ.

"ಆ ಓಡಿದ ಇಲಿ ಈಗ ಹೆಂಗೈತಿ?" ಎಂದಳು.

ನಾನು ಸುಳ್ಳು ಹೇಳಬಹುದಿತ್ತು. "ಅದು ಈಗಿಲ್ಲವ್ವಾ. ಮೆದುಳ ತಗದು ನೋಡಬೇಕಾಗತೈತಿ."

"ಆರಾಮ ಆದ ಮ್ಯಾಲೂ?"

"ಹೂಂ."

ಅವಳು ಗೋಡೆಯ ಕಡೆ ಹೊರಳಿದಳು. ಆ ಸಂಜೆ ಚಹಾ ಕೊಟ್ಟರೂ ಮುಟ್ಟಲಿಲ್ಲ. ಮುಂಜಾನೆ ಎದ್ದವಳೇ ಒಂದು ಪರಾತದಲ್ಲಿ ಹಿಟ್ಟು ತರಲು ಹೇಳಿದಳು. ಬಲಗೈಯ ಬೆರಳುಗಳಿಂದ ಅದನ್ನು ಚಿವುಟಿ ಎತ್ತುವುದೇ ಅವಳು ತನಗೆ ತಾನೇ ಹಾಕಿಕೊಂಡ ವ್ಯಾಯಾಮ. ಆಗದಿದ್ದಾಗ ಪರಾತವನ್ನೇ ನೂಕುತ್ತಿದ್ದಳು. ನೆಲ ಒರೆಸಿ ಮತ್ತೆ ತುಂಬಿಕೊಡುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು, ಆದರೆ ಹಿಟ್ಟಿನ ನುಣುಪು ತಿಳಿಯುವ ಸ್ಪರ್ಶ ಮರಳಲಿಲ್ಲ. ನೆರೆಮನೆಯವಳನ್ನು ಜೊತೆಗಿಟ್ಟುಕೊಂಡು ಗಿರಣಿ ತೆರೆದಳು. ಎಡಗೈಯ ಅಂದಾಜು ಹಲವು ಸಲ ತಪ್ಪಿತು, ಗಿರಾಕಿಗಳು ಬೈದರು, ಅವಳೂ ಬೈದಳು.

ನಮ್ಮ ಅಧ್ಯಯನವೂ ಮುಗಿಯಿತು. ಮೊದಲಿನಿಂದ ಎಣ್ಣೆ ಕುಡಿದ ಇಲಿಗಳಿಗೆ ಒಂದಿಷ್ಟು ಉಪಯೋಗವಾಗಿತ್ತು. ಆಮೇಲೆ ಕುಡಿದವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಿರಣಿಯಲ್ಲೇ ನಿಂತು ಅವ್ವನಿಗೆ ಹೇಳಿದೆ.

"ಹಂಗಾರ ಲಕ್ವಾ ಹೊಡದವ್ರಿಗೆ ಏನ ಕೊಡ್ತೀರಿ?"

"ಇನ್ನೂ ಹುಡಕಾಕತ್ತಾರವ್ವಾ."

"ಲಗೂ ಹುಡಕ್ರಿ, ತಡಾ ಮಾಡಬ್ಯಾಡ್ರಿ," ಎಂದು ಅವಳು ಗಿರಣಿಯ ಸ್ವಿಚ್ ಹಾಕಿದಳು.