ಎದ್ದು ಹೋಗಲು ಒಂದು ಕೋಣೆ

ಈಗಿನವರು ಅದಕ್ಕೆ ಉದ್ದುದ್ದ ಹೆಸರಿಡುತ್ತಾರೆ. ಎಪ್ಪತ್ತಾರನೇ ಇಸವಿಯಲ್ಲಿ, ಸಿರುಗುಪ್ಪದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ, ಅದಕ್ಕಿದ್ದ ಹೆಸರು ಒಂದೇ: ಕೊಬ್ಬು. ಆಗ ನಾನು ಎಂಟನೇ ತರಗತಿ. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ತೆಕ್ಕಲಕೋಟೆಯಿಂದ ತಂದು ಸೋದರತ್ತೆಯ ಮನೆಯಲ್ಲಿ ಬಿಟ್ಟು ಹೋಗಿದ್ದ. ಅಲ್ಲಿ ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಮಾತನಾಡಿಸುತ್ತಲೂ ಇರಲಿಲ್ಲ. ನನ್ನ ಕೈಗೆ ನಾನೇ ಗಾಯ ಮಾಡಿಕೊಳ್ಳುತ್ತಿದ್ದೆ. ಸಾಯಲಿಕ್ಕಲ್ಲ. ಯಾಕೆಂದು ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ; ಕೇಳುವವರಾದರೂ ಯಾರಿದ್ದರು?

ಮೊದಲು ಕಂಡವರು ಹೊಲಿಗೆ ಟೀಚರ್ ದಾಕ್ಷಾಯಣಮ್ಮ. ರವಿಕೆಯ ಅಳತೆ ತೆಗೆಯುವಾಗ ನೋಡಿದರು. ಚೀರಲಿಲ್ಲ. ನನ್ನ ತೋಳನ್ನು ಮೆಲ್ಲಗೆ ಇಳಿಸಿ, "ಉಂಡು ಬಂದಿಯೇನವಾ?" ಎಂದರು. ಒಂಟಿ ಹೆಂಗಸು, ಮಧ್ಯಾಹ್ನ ಹೊಲಿಗೆ ಕೋಣೆಯಲ್ಲೇ ಬಾಗಿಲಿಗೆ ಬೆನ್ನು ಹಾಕಿ ಉಣ್ಣುತ್ತಿದ್ದರು. ಅಂದು ನನಗೂ ಅರ್ಧ ರೊಟ್ಟಿ ಮುರಿದುಕೊಟ್ಟರು.

ವಿಷಯ ಹೆಡ್‌ಮಾಸ್ತರ್ ಚಿದಾನಂದಪ್ಪನವರ ಕಿವಿಗೆ ಬಿತ್ತು. "ಸುಂಕಲಮ್ಮನ ಟಿ.ಸಿ. ಬರೀರಿ. ಒಬ್ಬಾಕಿನ್ನ ನೋಡಿ ಹತ್ತು ಮಂದಿ ಕಲೀತಾರ," ಎಂದರು. ಆ ಸುಂಕಲಮ್ಮ ನಾನೇ, ಅಲ್ಲೇ ನಿಂತಿದ್ದೆ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

"ಈಕಿ ಹೆಸರು ದಿನಾ ಕರಿಯೋದು ನಿಮ್ಮ ಹಾಜರಿ ಪುಸ್ತಕ ಒಂದೇ ರೀ," ಎಂದರು ಟೀಚರ್. "ಅದನ್ನೂ ಹೊಡದು ಹಾಕಿದ್ರ ಎಲ್ಲಿಗೆ ಹೋಗ್ಬೇಕು? ಎದಿ ಭಾರ ಆದಾಗ ಯಾವ ಕ್ಲಾಸಿನಾಗಿದ್ರೂ ಎದ್ದು ನನ್ನ ಕಡೆ ಬರ್ಲಿ. ಯಾಕ ಅಂತ ಯಾರೂ ಕೇಳಬಾರ್ದು."

"ಜವಾಬ್ದಾರಿ ನಿಮ್ದು," ಎಂದು ಹೆಡ್‌ಮಾಸ್ತರು ಮುಖ ತಿರುವಿದರು.

ಶನಿವಾರ ಟೀಚರ್ ಬಳ್ಳಾರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ಆಮೇಲೂ ಎರಡು ಸಲ ಅದನ್ನೇ ಮಾಡಿಕೊಂಡೆ. ಇನ್ನು ಇವರೂ ಕೈಬಿಡುತ್ತಾರೆ ಎಂದುಕೊಂಡೆ. ಗಾಯ ತೊಳೆದು ಪಟ್ಟಿ ಕಟ್ಟಿ, "ಇನ್ನೊಮ್ಮೆ ಗಾಯಕ್ಕಿಂತ ಮೊದ್ಲ ಬಾ," ಎಂದರು ಅಷ್ಟೆ.

ಮರುವರ್ಷ ಅವರಿಗೆ ಕುರುಗೋಡಿಗೆ ವರ್ಗವಾಯಿತು. ನಾನು ಬೀಳ್ಕೊಡಲೂ ಹೋಗಲಿಲ್ಲ. ಅವ್ವನ ಹಾಗೆ ಇವರೂ ಹೊರಟರಲ್ಲ ಎಂದು ಸಿಟ್ಟು ಬಂದಿತ್ತು.

ನಾಲ್ಕನೇ ದಿನ ಲೆಕ್ಕದ ತರಗತಿಯಲ್ಲಿ ಎದೆ ಭಾರವಾಗಿ, ರೂಢಿಯಂತೆ ಎದ್ದು ನಿಂತೆ. ನಿಂತ ಮೇಲೆ ನೆನಪಾಯಿತು, ಹೊಲಿಗೆ ಕೋಣೆಗೆ ಬೀಗ ಬಿದ್ದಿದೆ. ಮರಿಬಸಪ್ಪ ಮಾಸ್ತರು ಬೆತ್ತ ಬಿಟ್ಟು ಬೇರೆ ಭಾಷೆ ಅರಿಯದವರು. ಅವರು ಸೀಮೆಸುಣ್ಣ ಕೆಳಗಿಟ್ಟು, ಉಳಿದವರಿಗೆ ಮಗ್ಗಿ ಬರೆಯಲು ಹೇಳಿ, ನನ್ನೊಡನೆ ಜಗುಲಿಗೆ ಬಂದರು.

"ದಾಕ್ಷಾಯಣಮ್ಮ ಊರು ಬಿಡೂಕಿಂತ ಮುಂಚಿ ನಮ್ಮ ಮನಿಗೆ ಬಂದು ನಿನ್ನ ವಿಷಯ ಹೇಳಿ ಹೋದ್ರು. ಎಲ್ಲಾ ಮಾಸ್ತರ ಮನಿಗೂ ಹೋಗ್ಯಾರ."

ಟೀಚರ್ ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡವರು. ವಿಧವೆ ಎದುರಾದರೆ ಅಪಶಕುನ ಎನ್ನುವ ಜನರ ನಡುವೆ, ಸಿರುಗುಪ್ಪದಲ್ಲಿದ್ದ ಒಂಬತ್ತು ವರ್ಷ ಅವರು ಯಾರ ಹೊಸ್ತಿಲನ್ನೂ ದಾಟಿರಲಿಲ್ಲ. ನನಗಾಗಿ ಏಳು ಮನೆಗಳ ಕದ ತಟ್ಟಿದ್ದರು.

"ಸಮಾಧಾನ ಹೇಳಾಕ ನನಗ ಬರಂಗಿಲ್ಲವಾ," ಎಂದರು ಮಾಸ್ತರು. "ಕುಂದ್ರಾಕ ಬರ್ತೈತಿ. ಕುಂದ್ರು."

ಗಂಟೆ ಹೊಡೆಯುವವರೆಗೂ ಅವರು ನನ್ನ ಪಕ್ಕದಲ್ಲಿ ಕೂತಿದ್ದರು.