ಯಜಮಾನರ ಹೆಸರು ಹೇಳದೆ ಓಟಿಲ್ಲ

೧೯೫೨, ಮೊದಲ ಮಹಾಚುನಾವಣೆಯ ವರ್ಷ. ಮೈಸೂರಿನಲ್ಲಿ, ಕಿಟಕಿಯಿಂದಲೇ ಚಾಮುಂಡಿ ಬೆಟ್ಟ ಕಾಣುವ ಒಂದು ಸರ್ಕಾರಿ ಪ್ರೈಮರಿ ಶಾಲೆಗೆ ನಾನು ಆಗಷ್ಟೇ ಟೀಚರಾಗಿ ಸೇರಿದ್ದೆ. ಶಾಲೆಗಿದ್ದುದು ಎರಡೇ ಕೋಣೆ. ಒಂದಕ್ಕೆ ಹೆಂಚಿತ್ತು, ಇನ್ನೊಂದಕ್ಕೆ ಬರೀ ಗೋಡೆ. ಸರ್ಕಾರದಿಂದ ಹೆಂಚು ಮಂಜೂರಾಗುತ್ತದೆ ಎಂದು ಹೆಡ್‌ಮಾಸ್ಟರು ಹೇಳುತ್ತಲೇ ಇದ್ದರು, ಒಂದನೇ ಕ್ಲಾಸಿನ ಮಕ್ಕಳು ಹೊಂಗೆ ಮರದಡಿ ಕೂರುತ್ತಲೇ ಇದ್ದರು. ಹೆಂಚಿದ್ದ ಕೋಣೆ ಓಟಿನ ದಿನ ಮತಗಟ್ಟೆಯಾಯಿತು. ಹೆಂಗಸರ ಸಾಲಿನಲ್ಲಿ ಹೆಸರು ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಬಿಸಿಲೇರುವಾಗ ಪುಟ್ಟಮ್ಮ ಬಂದರು. ಒಂದನೇ ಕ್ಲಾಸಿನ ಗೌರಿಯ ಅಜ್ಜಿ. ಧಾರೆ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಮದುವೆಗೆ ಹೊರಟವರಂತಿದ್ದರು.

"ನನ್ ಮೊಮ್ಮಗಳ ತಲೆ ಮ್ಯಾಲೆ ಹೆಂಚು ಹಾಕ್ಸೋರಿಗೇ ನನ್ ಓಟು ಕಣವ್ವ" ಎಂದರು ಜೋರಾಗಿ.

ಪಟ್ಟಿ ನೋಡಿದರೆ ಅದೇ ಬೀದಿಯಲ್ಲಿ ಮೂವರು ಪುಟ್ಟಮ್ಮಂದಿರು! "ಯಜಮಾನರ ಹೆಸರೇನಮ್ಮ?" ಎಂದೆ.

ಅವರು ಬಾಯಿಗೆ ಸೆರಗು ಮುಚ್ಚಿಕೊಂಡರು. "ಅಯ್ಯೋ ಶಿವನೇ! ಗಂಡನ್ ಹೆಸರ ಹೆಂಗವ್ವ ಹೇಳದು? ಅವ್ರ ಆಯಸ್ಸು ಕಮ್ಮಿ ಆಗಲ್ವಾ?"

ಹಿಂದಿದ್ದವರೊಬ್ಬರು, "ನಾನ್ ಹೇಳ್ತೀನಿ ಬುಡಿ" ಎಂದರು. ನಮ್ಮ ಮತಗಟ್ಟೆಯ ಅಧಿಕಾರಿ ಕೋರ್ಟಿನ ಶಿರಸ್ತೇದಾರರು. "ಒಬ್ಬರ ಸಾಕ್ಷಿ ಇನ್ನೊಬ್ಬರು ಹೇಳೋ ಹಾಗಿಲ್ಲ. ಅವರ ಬಾಯಿಂದಲೇ ಬರಬೇಕು. ಇಲ್ಲದಿದ್ರೆ ಓಟಿಲ್ಲ" ಎಂದು ಗದರಿದರು.

ಪುಟ್ಟಮ್ಮನ ಕಣ್ಣು ತುಂಬಿತು. "ಹೋಗ್ಲಿ ಬುಡವ್ವ" ಎಂದು ಬಾಗಿಲ ಕಡೆ ತಿರುಗಿದರು. ನನಗೆ ತಟ್ಟನೆ ಅಕ್ಕನ ಮದುವೆ ನೆನಪಾಯಿತು. ಹೊಸ ಹೆಣ್ಣನ್ನು ಹೊಸಿಲಲ್ಲೇ ತಡೆದು, ಪದ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಆಗ ಯಾರ ಆಯಸ್ಸೂ ಕಡಿಮೆಯಾಗುವುದಿಲ್ಲವಲ್ಲ! ಓಡಿಹೋಗಿ ಬಾಗಿಲಿಗೆ ಅಡ್ಡ ಕೈಯಿಟ್ಟು, "ಏನಮ್ಮ ಮದುವಣಗಿತ್ತಿ, ಹೆಸರು ಹೇಳದೆ ಹೊಸಿಲು ದಾಟೋಕೆ ಬಿಡಲ್ಲ" ಎಂದೆ.

ಸಾಲಿಗೆ ಸಾಲೇ ಹೋ ಎಂದಿತು. "ಹೇಳಕ್ಕ, ಹೇಳು! ನಾಚ್ಕೋಬ್ಯಾಡ!" ಶಿರಸ್ತೇದಾರರು ಕನ್ನಡಕ ತೆಗೆದು ನೋಡಿದರು, ಆದರೆ ತಡೆಯಲಿಲ್ಲ. ಮೊಮ್ಮಗಳಿರುವ ಆ ಅಜ್ಜಿ ಮದುಮಗಳಂತೆ ಕೆಂಪಗಾಗಿ, ತಲೆ ತಗ್ಗಿಸಿ, ರಾಗ ಎಳೆದರು:

"ಬೆಟ್ಟದ್ ಮ್ಯಾಲೆ ಕಾಯೋಳು ತಾಯಿ ಚಾಮುಂಡಿ, ಹಟ್ಟಿ ಒಳಗೆ ಕಾಯೋರು ನಮ್ಮ ನಂಜೇಗೌಡ್ರು!"

"ಆಂ? ಯಾರವ್ವ ಕರ್ದದ್ದು?" ಎಂದು ಕಿಟಕಿಯಾಚೆ ಗಂಡಸರ ಸಾಲಿನಿಂದ ದನಿ ಬಂತು. ಸಾಕ್ಷಾತ್ ನಂಜೇಗೌಡರು!

ಎರಡೂ ಸಾಲು ನಕ್ಕು ನಕ್ಕು ಸುಸ್ತಾದವು. ಶಿರಸ್ತೇದಾರರೂ ನಗು ತಡೆಯಲಾರದೆ, "ಸಾಕ್ಷಿ ರುಜುವಾತಾಯ್ತು, ಶಾಯಿ ಹಚ್ಚಿ" ಎಂದರು. ಪುಟ್ಟಮ್ಮ ಓಟು ಹಾಕಿ ಹೊರಬಂದಾಗ ಮುಡಿಯಲ್ಲಿದ್ದ ಹೂವಿರಲಿಲ್ಲ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಓಟಿನ ಪೆಟ್ಟಿಗೆ; ಹೂವು ಯಾವ ಪೆಟ್ಟಿಗೆಯ ಮೇಲೇರಿತೋ, ನಾವ್ಯಾರೂ ಕೇಳಲಿಲ್ಲ.

ಹೆಂಚು ಬಂದದ್ದು ಗೌರಿ ಮೂರನೇ ಕ್ಲಾಸಿಗೆ ಬಂದ ಮೇಲೆ. ಅದನ್ನು ನೋಡಲು ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಪುಟ್ಟಮ್ಮ ಮೇಲೆ ನೋಡುತ್ತಾ, "ಒಂದ್ಸಲ ಇವ್ರ ಹೆಸರು ಹೇಳಿದ್ದಕ್ಕೆ ಹೆಂಚು ಬಂತು, ಆಯಸ್ಸೂ ಗಟ್ಟಿಯಾಗೈತೆ. ಇನ್ನೊಂದ್ಸಲ ಹೇಳಿದ್ರೆ ಕಾಂಪೌಂಡೂ ಕಟ್ಟುಸ್ತಾರೇನವ್ವ?" ಎಂದರು.

"ಹೇಳು ಮತ್ತೆ, ಯಾರ್ ಬ್ಯಾಡ ಅಂದೋರು?" ಎಂದರು ನಂಜೇಗೌಡರು, ಮೀಸೆಯಲ್ಲೇ ನಗುತ್ತಾ.

ಆಮೇಲೆ ನನಗೂ ಮದುವೆಯಾಯಿತು. ಈಗಲೂ ಮತಗಟ್ಟೆಗೆ ಹೋದರೆ ನನಗೆ ಹಬ್ಬದ ಸಂಭ್ರಮ. ನಮ್ಮವರ ಹೆಸರನ್ನು ಬೇಕೆಂದೇ ಗಟ್ಟಿಯಾಗಿ ಹೇಳುತ್ತೇನೆ. ಈ ಕತೆ ಬಲ್ಲ ಅವರು ಪಕ್ಕದ ಸಾಲಿನಿಂದ, "ಆಂ? ಯಾರು ಕರೆದದ್ದು?" ಎಂದು ತಪ್ಪದೆ ಓಗೊಡುತ್ತಾರೆ.