ಅಣ್ಣ ಖರ್ಚು ಮಾಡಿದ ಚುಟುಕು ಕೆಲಸ

ನಮ್ಮಣ್ಣ ದರ್ಜಿ. ಗಿರಾಕಿಯ ಸೊಂಟವನ್ನು ಕಣ್ಣಲ್ಲೇ ಅಳೆಯುವವನು, ತನ್ನ ಹೊಟ್ಟೆಕಿಚ್ಚನ್ನು ಮಾತ್ರ ಇವತ್ತಿಗೂ ಅಳೆದುಕೊಂಡಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅವನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ದಾಳ ಉರುಳಿಸುವ ಸಾಹಸದ ಆಟಕ್ಕೆ ಕೂರುತ್ತೇವೆ. ಕಥೆ ನಡೆಸುವವಳು ನಾನು. ಅಣ್ಣ ಅದರಲ್ಲಿ ಕಾವಲುಗಾರ. ಅತ್ತಿಗೆ ವೈದ್ಯೆ, ಆ ಪಾತ್ರವನ್ನು ಆರು ವರ್ಷದಿಂದ ಮಗುವಿನ ಹಾಗೆ ಸಾಕಿದ್ದಾಳೆ.

ಈಚೆಗೆ ಕನ್ನಡಕದಂಗಡಿಯವನೊಬ್ಬ ಬಿಲ್ಲುಗಾರನಾಗಿ ಸೇರಿಕೊಂಡ. ಅವನು ಬಾಯಿಬಿಟ್ಟರೆ ಸಾಕು, ಅತ್ತಿಗೆಗೆ ನಗು. ಅವಳು ನಕ್ಕಷ್ಟೂ ಅಣ್ಣನ ಮುಖ ಹುಳ್ಳಗಾಗುತ್ತಿತ್ತು. ತನ್ನ ಜೋಕಿಗೆ ಮನೆಯಲ್ಲಿ ಯಾರೂ ಹೀಗೆ ನಕ್ಕಿಲ್ಲವೆಂದು ನನ್ನ ಹತ್ತಿರ ದೂರಿದ. ಆ ಜೋಕುಗಳನ್ನು ಕೇಳುತ್ತಲೇ ಬೆಳೆದವಳು ನಾನು, ಏನು ಹೇಳಲಿ?

ನಮ್ಮ ಆಟದಲ್ಲಿ ಒಂದು ಸರದಿಗೆ ಒಂದು ದೊಡ್ಡ ಕೆಲಸ, ಒಂದು ಚುಟುಕು ಕೆಲಸ. ಬೇಕಿದ್ದರೆ ಇನ್ನೊಬ್ಬರ ಸರದಿಯಲ್ಲಿ ನಡುವೆ ನುಗ್ಗಬಹುದು. ಆದರೆ ಹಾಗೆ ನುಗ್ಗಿದವರಿಗೆ ತಮ್ಮ ಮುಂದಿನ ಸರದಿಯ ಚುಟುಕು ಕೆಲಸ ಇಲ್ಲ. ಇದನ್ನು ಹೊಸಬರಿಗೆಲ್ಲ ಕಲಿಸುವವನು ಅಣ್ಣನೇ.

ಆ ಭಾನುವಾರ ಕಥೆಯಲ್ಲಿ ಸೇತುವೆ ಮುರಿಯುತ್ತಿತ್ತು. ಅಣ್ಣ ಅದರ ಸರಪಳಿ ಹಿಡಿದು ನಿಂತಿದ್ದ. ಅವನ ದೊಡ್ಡ ಕೆಲಸವೆಲ್ಲ ಅದಕ್ಕೇ ಹೋಗುತ್ತಿತ್ತು. ಬಿಟ್ಟರೆ ಎಲ್ಲರೂ ಪಾತಾಳಕ್ಕೆ. ವೈದ್ಯೆ ಅಂಚಿನಲ್ಲಿ ನೇತಾಡುತ್ತಿದ್ದಳು. ಅವಳಿಗೆ ಹಗ್ಗ ಎಸೆಯುವುದು ಚುಟುಕು ಕೆಲಸ, ಹಗ್ಗ ಇದ್ದದ್ದು ಅಣ್ಣನೊಬ್ಬನ ಬಳಿ. ಅಷ್ಟರಲ್ಲಿ ಬಿಲ್ಲುಗಾರನ ಸರದಿ ಬಂತು. ಅವಳ ಬೆರಳು ತುಳಿಯಲು ಬರುತ್ತಿದ್ದ ರಾಕ್ಷಸನಿಗೆ ಅವನು ಗುರಿಯಿಟ್ಟ. ಅತ್ತಿಗೆ ಅವನತ್ತ ಆಸೆಯಿಂದ ನೋಡಿದಳು. ಅಷ್ಟೇ ಸಾಕಾಯಿತು, ಅಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ನಡುವೆ ನುಗ್ಗಿ, ಸೊಂಟದ ಚಾಕು ಎಸೆದು, ರಾಕ್ಷಸನನ್ನು ತಾನೇ ಕೊಂದ.

ಮೀಸೆ ತಿರುವಿ ಮುಗಿಸುವುದರೊಳಗೆ ಅವನ ಸರದಿ. ಹಗ್ಗ ಎಸೆಯುತ್ತೇನೆ ಅಂದ. ಚುಟುಕು ಕೆಲಸ ಖರ್ಚಾಗಿದೆ ಅಂದೆ. ತಂಗಿಯಲ್ಲವೇ, ಒಂದೇ ಒಂದು ಸಲ ಬಿಟ್ಟುಬಿಡು ಎಂದು ಗೋಗರೆದ. ನಾನು ಅತ್ತಿಗೆಯ ಮುಖ ನೋಡಿದೆ. ಅವಳು ಬೇಡವೆಂದು ತಲೆಯಾಡಿಸಿ, ಅಂಚಿನ ಹಿಡಿತ ಉಳಿಯುತ್ತದೋ ಎಂದು ತನ್ನ ದಾಳ ಉರುಳಿಸಿದಳು. ಬಿದ್ದದ್ದು ಎರಡು. ವೈದ್ಯೆ ಕೈಜಾರಿ ಹೋದಳು.

ಅತ್ತಿಗೆ ವೈದ್ಯೆಯ ವಿವರ ಬರೆದಿಟ್ಟ ಆರು ವರ್ಷದ ಹಾಳೆಯನ್ನು ನಾಲ್ಕು ಮಡಿಕೆ ಮಡಚಿದಳು.

"ರಾಕ್ಷಸನ್ನ ಅವನೇ ಹೊಡೀತಿದ್ದ," ಅಂದಳು ಅಣ್ಣನಿಗೆ. "ನೀವು ನನ್ನ ಮೇಲೆ ಒಂದು ಕಣ್ಣಿಟ್ಟಿದ್ರೆ ಸಾಕಿತ್ತು. ಅವನನ್ನೇ ನೋಡ್ತಾ ಕೂತ್ರಿ."

ನಮ್ಮ ಆಟದಲ್ಲಿ ಮಾತಿಗೆ ಸರದಿ ಬೇಕಿಲ್ಲ, ಯಾರು ಯಾವಾಗ ಬೇಕಾದರೂ ಆಡಬಹುದು. ಅಣ್ಣನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.